ಗಾಜಿನ ಒಳಗಡೆ ಕೂತ ದಿನ

ಗಾಜಿನ ಮೂಲೆಯಲ್ಲಿ ಉಳಿದಿದ್ದ ಸೋಪಿನ ಗೆರೆ ಕಂಡಿದ್ದೇ ತಡ, ಒಳಗಡೆ ಕೂತಿದ್ದ ಅವನ ಬೆರಳು ತಾನಾಗಿ ಎದ್ದು ಟಕಟಕನೆ ಬಡಿದು ಅದನ್ನು ತೋರಿಸಿತು. ಎತ್ತರದ ಆ ಹೋಟೆಲಿನ ಹೊರಗೆ ಹಗ್ಗಕ್ಕೆ ನೇತಾಡುತ್ತ ಗಾಜು ಒರೆಸುತ್ತಿದ್ದ ನರೆಮೀಸೆಯವನು ಕೈ ನಿಲ್ಲಿಸಿ ದುರುಗುಟ್ಟಿ ನೋಡಿದ.

"ಬೆಳಗ್ಗೆಯಿಂದ ಊರೆಲ್ಲ ಸುತ್ತಿದ್ವಿ, ಸಿಕ್ಕಿದ್ದೆಲ್ಲ ತಿಂದ್ವಿ. ಐಸ್‌ಕ್ರೀಮ್ ಮುಂದಿಟ್ಕೊಂಡೂ ನಿಮಗೆ ಗಾಜಿಂದೇ ಚಿಂತೇನಾ?" ಹೆಂಡತಿ ಚಮಚ ನೆಕ್ಕುತ್ತ ನಕ್ಕಳು. ಅವನಿಗೆ ನಗು ಬರಲಿಲ್ಲ. ಮಿಕ್ಕ ದಿನಗಳಲ್ಲಿ ಅವನೂ ಇಂಥದೇ ಹಗ್ಗಕ್ಕೆ ನೇತಾಡುವವನು. ತಣ್ಣಗೆ ಒಳಗೆ ಕೂತು ಮೇಯುತ್ತ, ಮುಖವನ್ನೂ ನೋಡದೆ, ಅಲ್ಲೊರೆಸು ಇಲ್ಲೊರೆಸು ಎಂದು ಬೆರಳು ತೋರಿಸುವವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಆ ಬೆರಳುಗಳನ್ನು ಮುರಿದುಹಾಕಬೇಕು ಅನ್ನಿಸುತ್ತಿತ್ತು. ಒಂದು ದಿನ ಒಳಗೆ ಕೂತದ್ದಕ್ಕೆ ಅದೇ ದರಿದ್ರ ಬೆರಳು ತನಗೂ ಬಂದುಬಿಟ್ಟಿತ್ತು.

"ಹೊರಗಿರೋ ಯಜಮಾನ್ರು ನನ್ನನ್ನೂ ಈ ಒಳಗೆ ಕೂತೋರ ಪೈಕಿ ಅಂದ್ಕೊಂಡ್ರು ಕಣೇ."

"ಅಲ್ಲ ಅಂತ ಹೇಳಿ ಮತ್ತೆ."

"ಇಷ್ಟು ದಪ್ಪ ಗಾಜು. ಹೇಳಿದ್ರೆ ಕೇಳ್ಸುತ್ತಾ?"

"ಕೈ ತೋರ್ಸಿ. ಮೊದಲ ಸಲ ಹಿಡಿದಾಗ ನಾನೇ ಬೆಚ್ಚಿಬಿದ್ದಿದ್ನಲ್ಲ, ಆ ಕೈ."

ಅವನು ಎದ್ದು ಎರಡೂ ಅಂಗೈಗಳನ್ನು ಗಾಜಿಗೆ ಒತ್ತಿದ. ಹಗ್ಗ ಉಜ್ಜಿ ಜಡ್ಡುಗಟ್ಟಿದ ಗೆರೆಗಳನ್ನು ನರೆಮೀಸೆಯವನು ಹತ್ತಿರ ಬಂದು ನೋಡಿದ, ತನ್ನ ಅಂಗೈಯನ್ನು ಪಕ್ಕಕ್ಕೆ ಹಿಡಿದು ಹೋಲಿಸಿದ. ಬಾಯಗಲಿಸಿ ನಕ್ಕು, ಸೋಪಿನ ಗೆರೆಯನ್ನು ಒಂದೇ ಎಳೆತಕ್ಕೆ ಒರೆಸಿದ. ಆಮೇಲೆ ಅವನೂ ಬೆರಳೆತ್ತಿ ಟಕಟಕ ಬಡಿದ. ಒಳಗಡೆ, ಇವನು ಕೈ ತೆಗೆದ ಜಾಗದಲ್ಲಿ, ಎರಡು ಅಂಗೈಗಳ ಎಣ್ಣೆ ಗುರುತು ಹಾಗೇ ಉಳಿದಿತ್ತು.

"ಒರೆಸ್ರೀ, ಮೇಸ್ತ್ರಿ ಹೇಳ್ತಿದಾರೆ," ಎಂದು ಹೆಂಡತಿ ಕರವಸ್ತ್ರ ಕೊಟ್ಟಳು. ಅವನು ನಗುತ್ತ ಒರೆಸತೊಡಗಿದ, ಮೂಲೆಯನ್ನೂ ಬಿಡದೆ.