ನನ್ನ ಮಾರಿನ ಚೌಕ

ಲೆಕ್ಕದಲ್ಲಿ ನಾನು ಪಾಸಾಗುವುದೇ ಇಲ್ಲ ಎಂದವರು ದೊಡ್ಡಪ್ಪ. "ಫೇಲಾದ್ರೆ ಕಾಯಿ ಸುಲಿಯಾಕೆ ಬರ್ಲಿ, ಸ್ಕೂಲು ಸಾಕು ಬುಡು." ನಾನೀಗ ಡಿಗ್ರಿ ಮುಗಿಸಿದವಳು, ಆದರೂ ನಾರಿನ ಹಗ್ಗದ ವಾಸನೆಗೆ ಹತ್ತನೇ ಕ್ಲಾಸಿನ ಆ ಮಧ್ಯಾಹ್ನ ಮರಳಿ ಬರುತ್ತದೆ.

ಶಾಲೆಯಂಗಳದಲ್ಲಿ ತೆಂಗಿನ ಸಸಿಗಳಿಗೆ ಗುರುತು ಹಾಕಿಸುತ್ತ ಲೆಕ್ಕದ ಮಿಸ್ಸು ಚೌಕ ಕಲಿಸುತ್ತಿದ್ದರು. ನಾನು ಮನೆಯವರಂತೆ ಎರಡೂ ಕೈ ಚಾಚಿ, ಮಾರಿನ ಲೆಕ್ಕದಲ್ಲಿ ಹಗ್ಗ ಅಳೆದೆ. ಕೈ ಸೋತಾಗ ಉಳಿದ ಬದಿಗಳನ್ನು ಉದ್ದ ಕೈಯ ಗೆಳತಿ ಅಳೆದಳು. ಚೌಕ ಸೊಟ್ಟಗಾಯಿತು. ಮೊದಲ ಸಸಿಗೆ ತೋಡಿದ್ದ ಗುಂಡಿಯ ಅಂಚಿನಲ್ಲಿ ಕೂತು ಅತ್ತುಬಿಟ್ಟೆ. "ನನ್ ಕೈಲಾಗಲ್ಲ ಮಿಸ್, ಬುಡಿ."

"ನಿನ್ ಮಾರು ತಪ್ಪಲ್ಲ ಕಣೇ. ನಾಲ್ಕು ಕಡೆನೂ ನಿಂದೇ ಇರ್ಲಿ."

ಅಂಗೈ ಉರಿಯುವವರೆಗೂ ಮತ್ತೆ ಅಳೆದೆ. ಮಿಸ್ಸು ಮೂಲೆಗಳನ್ನು ನೇರ ಮಾಡಿಸಿದರು; ಚೌಕ ಸರಿಯಾಗಿ ಕೂತಿತು.

ರಿಸಲ್ಟ್ ಬಂದ ಮೇಲೆ, ಪಾಸಾದ ಮಾರ್ಕ್ಸ್ ಕಾರ್ಡನ್ನು ದೊಡ್ಡಪ್ಪನ ಕೈಗಿಟ್ಟೆ. ಓದು ಬಾರದ ಅವರು ಬಹಳ ಹೊತ್ತು ನೋಡಿದರು. "ಲೆಕ್ಕದ್ದು ಯಾವ್ದವ್ವ? ಬೆರಳಿಟ್ಟು ತೋರ್ಸು."