ತಗ್ಗು ಬಂತು

"ತಗ್ಗು ಬಂತು, ಗಟ್ಟಿ ಹಿಡ್ಕೊ ಎವ್ವಾ," ಎಂದಿತು ಅಂಗೈಯಗಲದ ಪರದೆಯೊಳಗಿನ ದನಿ. ಅಷ್ಟು ಮೆತ್ತಗಿನ ಆ ದನಿ ತನ್ನ ಗಂಡ ಹುಲಗೇಶನದೇ ಎಂದು ಸಂಘಮಿತ್ರಾಳಿಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು. ಯಾವ ಡ್ಯಾಶ್‌ಕ್ಯಾಮ್ ಕೊಳ್ಳುವುದೆಂದು ನೋಡಲು ನಿನ್ನೆ ಅಂಗಡಿಯಿಂದ ಎರಡು ಬಗೆಯವನ್ನು ತಂದು, ದಾರಿಯ ಚಿತ್ರ ಹಿಡಿಯಲೆಂದು ಜೀಪಿನ ಗಾಜಿಗೆ ಹಚ್ಚಿಕೊಂಡು ಅವನೊಬ್ಬನೇ ಅಬಲೂರಿನ ತನಕ ಹೋಗಿಬಂದಿದ್ದ. ಹಿಂದಿನ ಸೀಟಿನಲ್ಲಿ ಕೂರುತ್ತಿದ್ದ ಅವನ ಅವ್ವ ಅಡಿವೆವ್ವ ತೀರಿಕೊಂಡು ಹತ್ತು ತಿಂಗಳಾಗಿತ್ತು.

"ಅದು ಬಿಡ್ರಿ ಅಕ್ಕಾರ, ಇದನ್ನ ನೋಡ್ರಿ," ಎಂದು ಹಿರೇಕೆರೂರಿನ ಆ ಅಂಗಡಿಯವನು ಇನ್ನೊಂದನ್ನು ಮುಂದಿಟ್ಟ. ಅದರೊಳಗೆ ಅದೇ ಹಾಳು ರಸ್ತೆ ಕೆರೆಯ ಮೇಲೆ ತೆಪ್ಪ ತೇಲಿದಂತೆ ಸಾಗುತ್ತಿತ್ತು. ಗೋವಿನಜೋಳದ ಹೊಲಗಳು ನಿದ್ದೆಯಲ್ಲಿ ಕಂಡವುಗಳಂತೆ ಸರಿಯುತ್ತಿದ್ದವು. "ಎಂಥಾ ತಗ್ಗಿದ್ರೂ ಚಿತ್ರ ಅಲುಗಾಡೂದಿಲ್ಲ. ದನಿ ಒಂದು ಹಿಡಿಯೂದಿಲ್ಲ, ಅಷ್ಟ."

ಹುಲಗೇಶ ಆಗಲೇ ಬಾಗಿಲ ಬಳಿ ಹೋಗಿ ಬೀದಿ ನೋಡುತ್ತ ನಿಂತಿದ್ದ. ಅವನ ಕಿವಿ ಕೆಂಪಾಗಿತ್ತು.

"ಅಲುಗಾಡೂದನ್ನ ಕೊಡ್ರಿ," ಎಂದಳು ಸಂಘಮಿತ್ರಾ.

ಅದನ್ನು ಗಾಜಿಗೆ ಅಂಟಿಸಿಕೊಂಡು ಊರ ಕಡೆ ಹೊರಟರು. ಇಳಿಬಿಸಿಲಲ್ಲಿ ರಸ್ತೆಯ ಧೂಳೆಲ್ಲ ಅರಿಷಿಣದಂತೆ ತೇಲುತ್ತಿತ್ತು. ಮೊದಲ ತಗ್ಗು ಕಂಡದ್ದೇ ಹುಲಗೇಶ ವೇಗ ಇಳಿಸಿದ. ಏನೋ ಹೇಳಹೋದವನು ಪಕ್ಕದಲ್ಲಿ ಹೆಂಡತಿ ಇರುವುದು ನೆನಪಾಗಿ ಬಾಯಿ ಮುಚ್ಚಿದ. ಸಂಘಮಿತ್ರಾ ಹಿಂದಿನ ಖಾಲಿ ಸೀಟಿನತ್ತ ತಿರುಗಿದಳು.

"ತಗ್ಗು ಬಂತು, ಗಟ್ಟಿ ಹಿಡ್ಕೋರಿ ಅತ್ತಿ," ಎಂದಳು.