ಅವ್ವನ ಸೌಟಿನ ಲಾರಿ

ಗ್ರೀಸಿನ ವಾಸನೆ ಬಂದರೆ ನನಗೆ ಇವತ್ತಿಗೂ ಸಾರಿನ ಸೌಟು ನೆನಪಾಗುತ್ತದೆ.

ಹಿರೇಕೆರೂರಿನ ಸಂತೆಯ ದಿನ ಅಪ್ಪನ ಹಳೇ ಲಾರಿ ಮೆಕ್ಕೆಜೋಳ ಹೊತ್ತು ಹಂಸಭಾವಿಯ ನಮ್ಮ ಮನೆಯೆದುರು ನಿಂತಿತ್ತು. ಅವ್ವ ಯಾವಾಗ ಸಂತೆಗೆ ಬರುತ್ತೇನೆಂದರೂ ಅಪ್ಪನದು ಒಂದೇ ಮಾತು: "ಅದು ಮಾಲಿನ ಗಾಡಿ."

ಅವತ್ತು ಕೀಲಿ ಗರಗರ ತಿರುಗಿತು, ಎಂಜಿನ್ ಮಾತ್ರ ಹೂಂ ಎನ್ನಲಿಲ್ಲ. ಲಾರಿ ರಿಪೇರಿಯ ಮಿಸ್ತ್ರಿ ಬಾಬುಸಾಬ ಬಂದು ಸ್ಟೀರಿಂಗ್ ಕಂಬ ಬಿಚ್ಚಿ, ಕೀಲಿಯಿಂದ ಸ್ವಿಚ್ಚಿಗೆ ಹೋಗುವ ಸರಳು ಮುರಿದದ್ದನ್ನು ತೋರಿಸಿದ. "ಇಷ್ಟುದ್ದ ಗಟ್ಟಿ ಪಟ್ಟಿ ಬೇಕ್ರಿ."

ಅಪ್ಪ ಅಡುಗೆಮನೆಗೆ ನುಗ್ಗಿ ಅವ್ವನ ಸ್ಟೀಲಿನ ಸೌಟು ತಂದ. ಬಾಬುಸಾಬ ಅದರ ಹಿಡಿ ಕತ್ತರಿಸಿ, ಬಗ್ಗಿಸಿ, ಗ್ರೀಸ್ ಬಳಿದು ಕೂಡಿಸಿದ್ದೇ ತಡ, ಲಾರಿ ಗುಡುಗಿತು.

ಅವ್ವ ಹೊರಗೆ ಬಂದಳು. ಹಿಡಿಯಿಲ್ಲದ ಸೌಟನ್ನು ನೋಡಿದಳು.

"ಹೊಸಾದು ತರ್ತೇನಿ," ಎಂದ ಅಪ್ಪ.

ಅವ್ವ ಸೆರಗು ಸಿಕ್ಕಿಸಿ ಮುಂದಿನ ಸೀಟಿಗೆ ಹತ್ತಿ ಕುಳಿತಳು.

"ನನ್ನ ಸೌಟ ಎಲ್ಲಿ ಹೊಂಟೈತಿ, ನಾನೂ ಅಲ್ಲೇ ಹೊಂಟೇನಿ."